ಕನಿಷ್ಠ ಕೂಲಿ ಜಾಸ್ತಿ ಆದ್ರೆ ತೋಟದಲ್ಲಿ ಕೆಲಸ ಕಮ್ಮಿ ಆಗುತ್ತಾ? ನಮ್ಮ ಕೊಡಗಿನ ಲೆಕ್ಕ ಯಾರಾದ್ರೂ ಹೇಳಿ

ಚೆರಿಕಣ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನಮ್ದು ಸಿದ್ದಾಪುರದ ಹತ್ರ 9 ಎಕರೆ ರೋಬಸ್ಟಾ ಕಾಫಿ, ಮರಕ್ಕೆಲ್ಲ ಮೆಣಸು ಹಬ್ಬಿಸಿದೀವಿ. ನಾನು ಬಿಎ ಕೊನೇ ವರ್ಷ. ಹೋದ ವಾರ ಕ್ಲಾಸಲ್ಲಿ ಕನಿಷ್ಠ ವೇತನದ ಪಾಠ ಆಯ್ತು. ಬೋರ್ಡ್ ಮೇಲೆ ಎರಡು ಗೆರೆ ಎಳೆದು, ಕಾನೂನಿಂದ ಕೂಲಿ ಮೇಲಕ್ಕೆ ಎತ್ತಿದ್ರೆ ಕೆಲಸ ಕೊಡೋರು ಕಮ್ಮಿ ಆಗ್ತಾರೆ, ಕೇಳೋರು ಜಾಸ್ತಿ ಆಗ್ತಾರೆ, ಮಧ್ಯೆ ಉಳಿಯೋದೇ ನಿರುದ್ಯೋಗ ಅಂತ ಹೇಳಿದ್ರು. ಬರ್ಕೊಂಡೆ. ಮನೆಗೆ ಬಂದ್ರೆ ಅಪ್ಪನೂ ಅದನ್ನೇ ಹೇಳ್ತಾರೆ, ಗೆರೆ ಎಳೆಯದೆ. ಪ್ರತಿ ಏಪ್ರಿಲ್‌ಗೆ ತುಟ್ಟಿಭತ್ಯೆ ಸೇರಿಸಿ ಸರ್ಕಾರ ರೇಟು ಏರಿಸ್ತಾನೇ ಹೋದ್ರೆ ಇನ್ನೂ ಇಬ್ಬರನ್ನ ಬಿಡ್ಬೇಕಾಗುತ್ತೆ ಅಂತಾರೆ.

ಆ ಇಬ್ಬರು ಅಂದ್ರೆ ಯಾರು ಅಂತ ನಂಗೆ ಗೊತ್ತು. ಹತ್ರದ ಹಾಡಿಯಿಂದ, ಅಂದ್ರೆ ಆದಿವಾಸಿ ಕೇರಿಯಿಂದ ಬರೋ ಇಬ್ಬರು ಅಕ್ಕಂದ್ರು, ನಾನು ಹುಟ್ಟೋಕೆ ಮುಂಚಿಂದ ನಮ್ಮ ತೋಟಕ್ಕೆ ಬರ್ತಿದಾರೆ, ಸಣ್ಣವಳಿದ್ದಾಗ ನನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಕಣದ ತುಂಬಾ ಓಡಾಡಿದೋರು. ಈಗ ವಯಸ್ಸಾಗಿದೆ, ಕೆಲಸ ನಿಧಾನ.

ಆದ್ರೆ ನಂಗೆ ಅರ್ಥ ಆಗದೇ ಇರೋದು ಇದು. ಜನವರಿ ಬಂತು ಅಂದ್ರೆ ಇದೇ ಅಪ್ಪ ಬೆಳಿಗ್ಗೆ ಐದು ಗಂಟೆಗೆ ಎದ್ದು ಮೇಸ್ತ್ರಿಗೆ ಫೋನ್ ಮೇಲೆ ಫೋನ್ ಮಾಡ್ತಾರೆ, ಹತ್ತು ಜನ ಕಳ್ಸಿ, ಎಂಟಾದ್ರೂ ಕಳ್ಸಿ ಅಂತ. ಆಳೇ ಸಿಗಲ್ಲ ಅನ್ನೋ ಊರಲ್ಲಿ ಕೂಲಿ ಜಾಸ್ತಿ ಆದ್ರೆ ಕೆಲಸ ಹೋಗುತ್ತೆ ಅನ್ನೋದು ಹೇಗೆ? ಎರಡೂ ಒಟ್ಟಿಗೆ ನಿಜ ಇರೋಕೆ ಸಾಧ್ಯನಾ? ತೋಟ ಇರೋರು, ತೋಟದಲ್ಲಿ ಕೆಲಸ ಮಾಡೋರು, ಓದಿರೋರು ಯಾರಾದ್ರೂ ಹೇಳಿ. ಪರೀಕ್ಷೆಗೆ ಅಲ್ಲ. ಅಪ್ಪನ ಹತ್ರ ಮಾತಾಡ್ಬೇಕು ಅದಕ್ಕೆ.

ಸುಂಟಿಕೊಪ್ಪ ಬೆಳೆಗಾರ

ತಂಗಿ, ಎರಡೂ ನಿಜ. ನಿಮ್ಮಪ್ಪ ಸುಳ್ಳು ಹೇಳ್ತಿಲ್ಲ. ನಂದು 12 ಎಕರೆ, ನನ್ನದೇ ಲೆಕ್ಕ ಹೇಳ್ತೀನಿ ಕೇಳು.

ತೋಟದಲ್ಲಿ ಎರಡು ಥರ ಕೆಲಸ ಇದೆ. ಒಂದು ಕುಯ್ಲು. ಹಣ್ಣು ಕಾಯಲ್ಲ. ಕುಯ್ಯದೆ ಬಿಟ್ರೆ ಉದುರುತ್ತೆ, ಇಲ್ಲಾಂದ್ರೆ ಗಿಡದಲ್ಲೇ ಒಣಗುತ್ತೆ, ಫೆಬ್ರವರಿ ಮಾರ್ಚಲ್ಲಿ ಹೂಮಳೆ ಬಿದ್ದಾಗ ಗಿಡದ ಮೇಲೆ ಹಳೇ ಕಾಯಿ ಇದ್ರೆ ಮುಂದಿನ ವರ್ಷದ ಹೂವಿಗೂ ಏಟು. ಹಂಗಾಗಿ ಕುಯ್ಲಿಗೆ ಕೂಲಿ ಎಷ್ಟು ಕೇಳಿದ್ರೂ ಬೈಕೊಂಡಾದ್ರೂ ಕೊಡ್ತೀವಿ. ನಿಮ್ಮ 9 ಎಕರೆಗೆ ಎಕರೆಗೆ 15 ಚೀಲ ಒಣ ಚೆರಿ (ಒಣಗಿಸಿದ ಕಾಫಿ ಹಣ್ಣು) ಅಂತ ಇಟ್ಕೋ, ಹಸಿ ಹಣ್ಣು ಸುಮಾರು 1700 ಕಿಲೋ ಆಗುತ್ತೆ. ಕಿಲೋಗೆ 5 ರೂಪಾಯಿ ಕುಯ್ಲು ಕೂಲಿ ಅಂದ್ರೆ ಎಕರೆಗೆ 8500. ಒಂದು ರೂಪಾಯಿ ಜಾಸ್ತಿ ಮಾಡು, ಇಡೀ ತೋಟಕ್ಕೆ 15,300 ಖರ್ಚು ಏರುತ್ತೆ. ಚೀಲಕ್ಕೆ 10 ಸಾವಿರ ಸಿಕ್ಕಿದ ವರ್ಷ 135 ಚೀಲಕ್ಕೆ ಹದಿಮೂರೂವರೆ ಲಕ್ಷ, ಅದರಲ್ಲಿ 15 ಸಾವಿರ ಗೊತ್ತೂ ಆಗಲ್ಲ. ಅದೇ 3500 ಇದ್ದಾಗ ಒಟ್ಟು ಬರೋದೇ 4 ಲಕ್ಷದ 72 ಸಾವಿರ, ಗೊಬ್ಬರ, ಡೀಸೆಲ್, ಸ್ಪ್ರಿಂಕ್ಲರ್, ಬ್ಯಾಂಕ್ ಬಡ್ಡಿ ಎಲ್ಲ ಕಳೆದ್ಮೇಲೆ ಆ 15 ಸಾವಿರ ಅಂದ್ರೆ ಒಂದು ಮಗುವಿನ ಫೀಸು. ನಾನು ಆ ವರ್ಷಗಳನ್ನೂ ನೋಡಿದೀನಿ. 1990ರ ದಶಕದ ಕೊನೆಯಿಂದ ನಾಲ್ಕೈದು ವರ್ಷ ಕಾಫಿ ರೇಟು ನೆಲ ಕಚ್ಚಿದಾಗ ನಮ್ಮಪ್ಪ ಕುಯ್ಲಿನ ಖರ್ಚೂ ಹುಟ್ಟಲ್ಲ ಅಂತ ಒಂದು ತಾಕು ಹಾಗೇ ಬಿಟ್ಟಿದ್ರು.

ಎರಡನೇದು ಕಳೆ ತೆಗೆಯೋದು, ಚಿಗುರು ತೆಗೆಯೋದು, ಮರಗಸಿ (ನೆರಳು ಮರದ ಕೊಂಬೆ ಕಡಿಯೋದು), ಗುಂಡಿ. ಇದು ಇವತ್ತಲ್ಲ ನಾಳೆ ಮಾಡ್ಬಹುದು, ಮೂರು ಸಲದ್ದು ಎರಡು ಸಲ ಮಾಡ್ಬಹುದು, ಮಿಷಿನ್ ತರ್ಬಹುದು. ಮುಂಚೆ ನಮ್ಮಲ್ಲಿ ಕತ್ತಿ ಹಿಡಿದು ಕಳೆ ಹೊಡೆಯೋಕೆ ಎಕರೆಗೆ ಐದು ಆಳು ಬೇಕಿತ್ತು, ಒಂದು ಸುತ್ತಿಗೆ 60 ಆಳು. ಈಗ ಕಳೆ ಕೊಚ್ಚೋ ಮಿಷಿನ್ ಹಿಡಿದು ಇಬ್ಬರು ಹುಡುಗರು ಆರೇಳು ದಿನಕ್ಕೆ ಮುಗಿಸ್ತಾರೆ. ಉಳಿದ ಕೆಲಸ ಎಲ್ಲಿಗೆ ಹೋಯ್ತು? ಹೋಯ್ತು ಅಷ್ಟೆ. ಅದರಲ್ಲಿ ಹೋದೋರು ಯಾರು ಅಂದ್ರೆ ಹೆಂಗಸರು, ಅದೂ ವಯಸ್ಸಾದೋರು. ಯಾಕಂದ್ರೆ ಮಿಷಿನ್ ಹೆಗಲಿಗೆ ಹಾಕೋದು ಗಂಡಸರು. ನಾನೇ ಇಬ್ಬರಿಗೆ ಬೇಡ ಅಂದೆ. ಇವತ್ತಿಗೂ ಸಂತೇಲಿ ಸಿಕ್ಕಿದ್ರೆ ಮುಖ ಕೊಟ್ಟು ಮಾತಾಡೋಕೆ ಕಷ್ಟ ಆಗುತ್ತೆ ನಂಗೆ.

ಜೀಪ್ ಮೇಸ್ತ್ರಿ

ನಾನು ಮೇಸ್ತ್ರಿ ಕೆಲಸ ಮಾಡೋನು, ಅಮ್ಮತ್ತಿ ಪಾಲಿಬೆಟ್ಟ ಕಡೆಗೆಲ್ಲ ಜನ ಬಿಡ್ತೀನಿ. ಓದಿಲ್ಲ ಜಾಸ್ತಿ, ತಪ್ಪಿದ್ರೆ ಹೇಳಿ.

ಕನಿಷ್ಠ ಕೂಲಿ ಅನ್ನೋದು ಲೇಬರ್ ಆಫೀಸ್ ಬೋರ್ಡಲ್ಲಿ ಇರೋದು. ನಮ್ಮ ಜೀಪಲ್ಲಿ ಹೋಗೋ ಗಂಡಾಳು ಯಾರೂ ಅಷ್ಟಕ್ಕೆ ಬರಲ್ಲ, ಅದಕ್ಕಿಂತ ಜಾಸ್ತಿನೇ ಕೇಳ್ತಾರೆ ಸಿಗುತ್ತೆ ಕೂಡ. ಯಾಕೆ ಅಂದ್ರೆ ಇವತ್ತು ಈ ತೋಟ ಬೇಡ ಅಂದ್ರೆ ನಾಳೆ ಇನ್ನೊಂದು, ಅದೂ ಬೇಡ ಅಂದ್ರೆ ಶುಂಠಿ ಹೊಲ, ಕಟ್ಟಡದ ಕೆಲಸ, ಕುಟ್ಟ ದಾಟಿದ್ರೆ ವಯನಾಡು, ಅಲ್ಲಿ ಕೂಲಿ ಇನ್ನೂ ಮೇಲೆ. ಅಸ್ಸಾಂ ಕಡೆಯಿಂದ ಬಂದ ಹುಡುಗರ ಹತ್ರಾನೂ ಫೋನ್ ಇದೆ, ಯಾವ ತೋಟದಲ್ಲಿ ಕಿಲೋಗೆ ಎಷ್ಟು ಕೊಡ್ತಿದಾರೆ ಅಂತ ರಾತ್ರಿ ಊಟದ ಹೊತ್ತಿಗೆ ಎಲ್ರಿಗೂ ಗೊತ್ತಾಗಿರುತ್ತೆ, ಎಂಟಾಣೆ ವ್ಯತ್ಯಾಸಕ್ಕೆ ಬೆಳಿಗ್ಗೆ ಆರು ಜನ ಕಮ್ಮಿ ಬರ್ತಾರೆ ಜೀಪಿಗೆ. ಇವರಿಗೆ ಸರ್ಕಾರ ರೇಟು ಏರಿಸಿದ್ರೂ ಏರಿಸದೇ ಇದ್ರೂ ಒಂದೇ.

ಆದ್ರೆ ಜೀಪ್ ಹತ್ತದೇ ಇರೋರು ಇದಾರಲ್ಲ, ತೋಟದೋರು ಕಟ್ಟಿಸಿದ ಸಾಲುಮನೆ ಅಂದ್ರೆ ಲೈನ್‌ಮನೆಲಿ ಇರೋರು, ಅವರ ಕಥೆ ಬೇರೆ. ಅವರು ಹತ್ತೋ ಹಾಗಿಲ್ಲ. ಅದನ್ನ ನಾನು ಹೇಳೋದಕ್ಕಿಂತ ಅಲ್ಲಿ ಇದ್ದೋರು ಹೇಳಿದ್ರೆ ಸರಿ.

ಲೈನ್‌ಮನೆ ಮಗಳು

ನಾನು ಹೇಳ್ತೀನಿ ಅಣ್ಣ. ನಾನು ಹುಟ್ಟಿ ಬೆಳೆದಿದ್ದೇ ಲೈನ್‌ಮನೆಲಿ. ಈಗ ಮೈಸೂರಲ್ಲಿ ನರ್ಸ್ ಆಗಿದೀನಿ. ಯಾವ ತೋಟ ಅಂತ ಹೇಳಲ್ಲ, ಅಮ್ಮ ಇನ್ನೂ ಅದೇ ಊರಲ್ಲಿದಾಳೆ.

ಒಂದೇ ಸಾಲಲ್ಲಿ ಎಂಟು ಮನೆ, ಒಂದು ಕೋಣೆ ಒಂದು ಒಲೆ, ಹಿಂದೆ ಒಂದೇ ನಲ್ಲಿ. ನನ್ನ ತಮ್ಮನಿಗೆ ಹುಷಾರಿಲ್ಲದಾಗ ಅಪ್ಪ 15 ಸಾವಿರ ಅಡ್ವಾನ್ಸ್ ತಗೊಂಡ್ರು. ಅಡ್ವಾನ್ಸ್ ತೀರೋ ತನಕ ಬೇರೆ ತೋಟಕ್ಕೆ ಹೋಗೋ ಹಾಗಿಲ್ಲ, ಹೋದ್ರೆ ಮನೆ ಖಾಲಿ ಮಾಡ್ಬೇಕು. ಹೊರಗಡೆ ಹೆಣ್ಣಾಳಿಗೆ 350 ನಡೀತಿದ್ದಾಗ ಅಮ್ಮನಿಗೆ ಸಿಕ್ತಿದ್ದಿದ್ದು 220. ಕೇಳಿದ್ರೆ ರೈಟರ್ (ತೋಟದ ಗುಮಾಸ್ತ) ಹೇಳ್ತಿದ್ದಿದ್ದು ಒಂದೇ ಮಾತು, ಮನೆ ಕೊಟ್ಟಿಲ್ವಾ, ಕರೆಂಟ್ ಕೊಟ್ಟಿಲ್ವಾ, ಸೌದೆ ಕೊಟ್ಟಿಲ್ವಾ. ನಾವೂ ಹೌದಲ್ವಾ ಅಂದ್ಕೊಂಡು ಸುಮ್ನಿರ್ತಿದ್ವಿ. ನರ್ಸಿಂಗ್ ಓದೋವಾಗ ಹಾಸ್ಟೆಲ್ ರೂಮ್‌ಮೇಟ್‌ನ ಅಣ್ಣ ಲಾ ಓದ್ತಿದ್ರು, ಅವರು ತೋರಿಸಿದ್ರು 1948ರ ಕನಿಷ್ಠ ವೇತನ ಕಾಯ್ದೆಲಿ ಕೂಲಿ ಅಂದ್ರೆ ಏನು ಅಂತ ಹೇಳೋ ಕಡೆನೇ ಬರೆದಿದೆ, ಮನೆ, ನೀರು, ದೀಪ, ವೈದ್ಯಕೀಯ ಸೌಲಭ್ಯದ ಬೆಲೆ ಇದರಲ್ಲಿ ಸೇರಲ್ಲ ಅಂತ. ಆ ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ. ಎಷ್ಟು ವರ್ಷ, ದಿನಕ್ಕೆ ಎಷ್ಟು ಅಂತ ಲೆಕ್ಕ ಹಾಕ್ತಾ ಹಾಕ್ತಾ ಬಿಟ್ಬಿಟ್ಟೆ.

ಸುಪ್ರೀಂ ಕೋರ್ಟ್ 1982ರಲ್ಲೇ, ದೆಹಲಿ ಏಷ್ಯನ್ ಗೇಮ್ಸ್ ಕಾಮಗಾರಿ ಕೂಲಿಗಳ ಕೇಸಲ್ಲಿ ಹೇಳಿದೆ, ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ಕೆಲಸ ಮಾಡಿಸ್ಕೊಂಡ್ರೆ ಅದು ಸಂವಿಧಾನದ 23ನೇ ವಿಧಿ ಹೇಳೋ ಬಲವಂತದ ದುಡಿಮೆ ಅಂತ. ಹಸಿವು ತಾನೇ ತಳ್ಳಿದ್ರೂ ಬಲವಂತವೇ ಅಂತ. ನಮ್ಮಮ್ಮನನ್ನ ಯಾರೂ ಕಟ್ಟಿ ಹಾಕಿರ್ಲಿಲ್ಲ. ಆದ್ರೂ ಅವಳು ಎಲ್ಲೂ ಹೋಗೋಕೆ ಆಗ್ತಿರ್ಲಿಲ್ಲ.

ಚೆರಿಕಣ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನಮ್ಮಮ್ಮನಿಗೆ 220ರ ಬದಲು 350 ಕೊಟ್ಟಿದ್ರೆ ಆ ತೋಟ ಅವಳನ್ನ ಬಿಡ್ತಿರ್ಲಿಲ್ಲ. ಹೊರಗಿಂದ ತಂದ್ರೂ ಅಷ್ಟೇ ಕೊಡ್ಬೇಕಿತ್ತಲ್ಲ.

ಹಳೇ ಮೇಷ್ಟ್ರು ವಿರಾಜಪೇಟೆ

ನರ್ಸ್ ಮೇಡಂ ಬರೆದ ಕೊನೇ ಎರಡು ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದೋನು ನಾನು, ಈಗ ನಿವೃತ್ತಿ. ಆ ಎರಡು ಸಾಲಲ್ಲಿ ಇರೋದನ್ನೇ ಅರ್ಥಶಾಸ್ತ್ರ ಮೊನಾಪ್ಸನಿ ಅನ್ನುತ್ತೆ, ಅಂದ್ರೆ ಕೆಲಸ ಕೊಡೋನು ಒಬ್ಬನೇ ಇರೋ ಸ್ಥಿತಿ.

ಚೆರಿಕಣ, ನಿಮ್ಮ ಬೋರ್ಡಿನ ಎರಡು ಗೆರೆ ಒಂದು ಊಹೆ ಮೇಲೆ ನಿಂತಿದೆಯಮ್ಮ. ಕೆಲಸ ಕೊಡೋರು ನೂರಾರು ಜನ, ಕೆಲಸಗಾರ ಇಷ್ಟ ಬಂದ ಕಡೆ ಹೋಗ್ಬಹುದು, ಹಂಗಾಗಿ ಕೂಲಿ ಈಗಾಗ್ಲೇ ಎಷ್ಟಿರ್ಬೇಕೋ ಅಷ್ಟಿದೆ ಅನ್ನೋ ಊಹೆ. ಮೇಸ್ತ್ರಿ ಹೇಳಿದ ಜೀಪಿನ ಹುಡುಗರಿಗೆ ಇದು ಹತ್ತಿರ ಹತ್ತಿರ ಸರಿ. ಆದ್ರೆ ಕೆಲಸಗಾರ ಬಿಟ್ಟು ಹೋಗೋಕೆ ಆಗದ ಕಡೆ ಕೂಲಿ ಹೇಳೋನು ಒಬ್ಬನೇ. ಅವನು ಇರ್ಬೇಕಾದ್ದಕ್ಕಿಂತ ಕಮ್ಮಿ ಕೂಲಿ ಕೊಡ್ತಾನೆ, ಆ ಕೂಲಿಗೆ ಎಷ್ಟು ಜನ ಬರ್ತಾರೋ ಅಷ್ಟರಲ್ಲೇ ಕೆಲಸ ಮಾಡಿಸ್ತಾನೆ. ಅಲ್ಲಿ ಕಾನೂನು ಒಂದು ಮಟ್ಟದ ತನಕ ಕೂಲಿ ಏರಿಸಿದ್ರೆ ಕೆಲಸ ಕಮ್ಮಿ ಆಗಲ್ಲ, ಜಾಸ್ತಿ ಆದ್ರೂ ಆಗ್ಬಹುದು. ಕೇಂಬ್ರಿಜ್‌ನ ಜೋನ್ ರಾಬಿನ್ಸನ್ 1933ರಲ್ಲೇ ಇದನ್ನ ಬಿಡಿಸಿ ಹೇಳಿದ್ರು. ಆ ಮಟ್ಟ ದಾಟಿ ಏರಿಸಿದ್ರೆ ಮಾತ್ರ ನಿಮ್ಮ ಬೋರ್ಡಿನ ಗೆರೆ ಮತ್ತೆ ನಿಜ ಆಗುತ್ತೆ.

ಇದನ್ನ ಅಳೆದು ನೋಡಿದ ಹೆಸರುವಾಸಿ ಕೆಲಸ ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅವರದ್ದು. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಗೆ 4.25 ಡಾಲರ್ ಇದ್ದ ಕನಿಷ್ಠ ಕೂಲಿನ 5.05ಕ್ಕೆ ಏರಿಸ್ತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸ್ಲಿಲ್ಲ. ಗಡಿಯ ಎರಡೂ ಕಡೆ ಸೇರಿ 410 ಫಾಸ್ಟ್ ಫುಡ್ ಅಂಗಡಿಗಳನ್ನ (ಬರ್ಗರ್ ಥರದ್ದು ಮಾರೋರು) ಮುಂಚೆ ಒಂದು ಸಲ, ಆಮೇಲೆ ಒಂದು ಸಲ ವಿಚಾರಿಸಿದ್ರು. ನ್ಯೂಜೆರ್ಸಿಲಿ ಕೆಲಸ ಕಮ್ಮಿ ಆಗಿರ್ಲಿಲ್ಲ. 1994ರಲ್ಲಿ ಇದು ಪ್ರಕಟ ಆದಾಗ ದೊಡ್ಡ ಗಲಾಟೆನೇ ಆಯ್ತು, ನ್ಯೂಮಾರ್ಕ್ ಮತ್ತು ವಾಷರ್ ಅನ್ನೋರು ಸಂಬಳದ ದಾಖಲೆ ತೆಗೆದು ಇಲ್ಲ ಕಮ್ಮಿ ಆಗಿದೆ ಅಂದ್ರು, ಇವರು ಸರ್ಕಾರಿ ಅಂಕಿಅಂಶ ತೆಗೆದು ಮತ್ತೆ ಉತ್ತರ ಕೊಟ್ರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಕ್ರೂಗರ್ ಅಷ್ಟರಲ್ಲಿ ತೀರ್ಕೊಂಡಿದ್ರು. ಇದರ ಮಧ್ಯೆ 2019ರಲ್ಲಿ ಅಮೆರಿಕದ ಬೇರೆ ಬೇರೆ ರಾಜ್ಯಗಳಲ್ಲಿ ಆದ 138 ಏರಿಕೆಗಳನ್ನ ಒಟ್ಟಿಗೆ ನೋಡಿದ ಅಧ್ಯಯನದಲ್ಲೂ ಕಮ್ಮಿ ಕೂಲಿಯ ಕೆಲಸಗಳ ಒಟ್ಟು ಸಂಖ್ಯೆ ಬಿದ್ದಿರ್ಲಿಲ್ಲ.

ಬರ್ಗರ್ ಅಂಗಡಿಗೂ ನಮ್ಮ ಕಾಫಿಗೂ ಏನು ಸಂಬಂಧ ಅಂತ ಕೇಳೋರಿಗೆ ನಮ್ಮ ಪಕ್ಕದ್ದೇ ಇನ್ನೊಂದು ಹೇಳ್ತೀನಿ, ನಂಗೆ ಇದೇ ಮುಖ್ಯ ಅನ್ಸುತ್ತೆ. ಆಂಧ್ರದಲ್ಲಿ ನರೇಗಾ ಕೂಲಿ ಸ್ಮಾರ್ಟ್‌ಕಾರ್ಡ್ ಮೂಲಕ ಸರಿಯಾಗಿ ಜನರ ಕೈಗೆ ಸಿಗೋ ಹಾಗೆ ಮಾಡಿದಾಗ ಏನಾಯ್ತು ಅಂತ ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಂಕರ್ ನೋಡಿದಾರೆ. ನರೇಗಾ ಬಿಟ್ಟು ಹೊರಗಿನ ಖಾಸಗಿ ಕೂಲಿನೂ ಏರ್ತು. ಕೂಲಿ ಏರಿದ್ರೂ ಖಾಸಗಿ ಕೆಲಸ ಕುಸಿಯಲಿಲ್ಲ. ಅದರಲ್ಲೂ ಭೂಮಿ ಕೆಲವೇ ಜನರ ಕೈಲಿರೋ ಊರುಗಳಲ್ಲಿ ಕೆಲಸದ ಮೇಲಿನ ಪರಿಣಾಮ ಇನ್ನೂ ಚೆನ್ನಾಗಿತ್ತು. ಯಾಕೆ ಅಂತ ಯೋಚ್ನೆ ಮಾಡಿ. ಅಲ್ಲೇ ತಾನೆ ಕೂಲಿ ಹೇಳೋರು ಕಮ್ಮಿ ಜನ ಇದ್ದಿದ್ದು.

ಸುಂಟಿಕೊಪ್ಪ ಬೆಳೆಗಾರ

ಮೇಷ್ಟ್ರೇ ಗೌರವ ಇಟ್ಕೊಂಡೇ ಹೇಳ್ತೀನಿ, ಒಂದು ವಿಷಯ ನೀವು ಬಿಟ್ರಿ. ಬರ್ಗರ್ ಅಂಗಡಿಯವನು ಕೂಲಿ ಏರಿದ್ರೆ ಬರ್ಗರ್ ಮೇಲೆ ನಾಲ್ಕು ಕಾಸು ಹಾಕ್ತಾನೆ. ನಾನು ಯಾರ ಮೇಲೆ ಹಾಕ್ಲಿ? ರೋಬಸ್ಟಾ ರೇಟು ಲಂಡನ್ನಲ್ಲಿ, ಅರೇಬಿಕಾ ರೇಟು ನ್ಯೂಯಾರ್ಕಲ್ಲಿ. ಬ್ರೆಜಿಲ್‌ನಲ್ಲಿ ಹಿಮ ಬಿತ್ತು, ವಿಯೆಟ್ನಾಂನಲ್ಲಿ ಮಳೆ ಬರ್ಲಿಲ್ಲ ಅಂದ್ರೆ ನಮಗೆ ಒಳ್ಳೇದು, ಅಲ್ಲಿ ಬೆಳೆ ಚೆನ್ನಾಗಿ ಬಂದ್ರೆ ನಮಗೆ ಕಷ್ಟ. ಸುಂಟಿಕೊಪ್ಪದಲ್ಲಿ ಕೂಲಿ ಎಷ್ಟು ಅಂತ ಯಾವ ವ್ಯಾಪಾರಿನೂ ಕೇಳಲ್ಲ.

ಇನ್ನೊಂದು. ದೊಡ್ಡ ಕಂಪನಿ ತೋಟಕ್ಕೂ ನಮಗೂ ಒಂದೇ ಕನಿಷ್ಠ ಕೂಲಿ. ಅವರಿಗೆ ಟ್ರ್ಯಾಕ್ಟರ್ ಇದೆ, ಆಫೀಸ್ ಇದೆ, ವಕೀಲರಿದಾರೆ. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ಬಹುತೇಕ ಎಲ್ರೂ ಹತ್ತು ಹೆಕ್ಟೇರ್ ಒಳಗಿನ ಸಣ್ಣೋರು. ನಾನೂ ಜನವರಿಲಿ ಮೆಣಸಿನ ಏಣಿ ಹತ್ತೋನೇ. ನರ್ಸ್ ಮೇಡಂ ಹೇಳಿದ್ದು ಓದಿ ನಂಗೂ ಹೊಟ್ಟೆ ಕಿವುಚಿದ ಹಾಗಾಯ್ತು, ಅಂಥಾ ಕಡೆ ಕಾನೂನು ಬರ್ಲೇಬೇಕು, ಅದಕ್ಕೆ ನನ್ನ ಸಹಿ ಇದೆ. ಆದ್ರೆ ಲೈನ್‌ಮನೆ ಇಲ್ಲದ, ಅಡ್ವಾನ್ಸ್ ಕೊಡದ, ಆಳು ಹುಡುಕ್ಕೊಂಡು ಅಲೆಯೋ ನನ್ನನ್ನೂ ಅವರ ಜೊತೆ ಒಂದೇ ತಕ್ಕಡಿಗೆ ಹಾಕ್ಬೇಡಿ.

ಹಳೇ ಮೇಷ್ಟ್ರು ವಿರಾಜಪೇಟೆ

ನಿಮ್ಮ ಮಾತು ಒಪ್ಕೊಳ್ತೀನಿ. ಜರ್ಮನಿ 2015ರಲ್ಲಿ ಮೊದಲ ಸಲ ದೇಶಕ್ಕೆಲ್ಲ ಒಂದು ಕನಿಷ್ಠ ಕೂಲಿ ತಂತು, ಗಂಟೆಗೆ 8.50 ಯೂರೋ. ಒಟ್ಟು ಕೆಲಸ ಕಮ್ಮಿ ಆಗ್ಲಿಲ್ಲ, ಆದ್ರೆ ಜನ ಸಣ್ಣ, ಕಮ್ಮಿ ಕೂಲಿ ಕೊಡೋ ಕಡೆಯಿಂದ ದೊಡ್ಡ, ಚೆನ್ನಾಗಿ ನಡೆಯೋ ಕಡೆಗೆ ಹೋದ್ರು ಅಂತ ಅಲ್ಲಿನವರು ಬರೆದಿದಾರೆ. ಲೆಕ್ಕದಲ್ಲಿ ಕೆಲಸ ಉಳೀತು, ಆದ್ರೆ ಸಣ್ಣ ಅಂಗಡಿಯವನ ಬಾಗಿಲು? ಅದು ನಿಮ್ಮ ಭಯ. ಸುಳ್ಳು ಭಯ ಅಲ್ಲ. ನಂಗೆ ಅನ್ಸೋದು ಕಾಫಿ ರೇಟು ಬಿದ್ದ ವರ್ಷ ಸಣ್ಣ ಬೆಳೆಗಾರನನ್ನ ಕಾಪಾಡೋ ಕೆಲಸ ಸರ್ಕಾರದ್ದು, ಕಾಫಿ ಬೋರ್ಡಿನದ್ದು. ಅದನ್ನ ಹಾಡಿಯಿಂದ ಬರೋ ಹೆಂಗಸಿನ ಕೂಲಿ ಕಮ್ಮಿ ಮಾಡಿ ಮಾಡ್ಬಾರ್ದು. ಅವಳ ಮನೆಗೂ ಅಕ್ಕಿ ರೇಟು ಅದೇ ತಾನೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿ ಲೆಕ್ಕ ಹಾಕಿದ್ದೂ ಹಂಗೇ, ಒಬ್ಬ ದುಡಿಯೋನ ಮನೆಗೆ ಅವನೂ ಸೇರಿ ಮೂರು ಪಾಲು ಊಟ, ಒಬ್ಬರಿಗೆ ದಿನಕ್ಕೆ 2700 ಕ್ಯಾಲೊರಿ, ವರ್ಷಕ್ಕೆ ಮನೆಗೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ. ಆ ಪಟ್ಟಿಲಿ ಕಾಫಿ ರೇಟು ಇಲ್ಲ.

ಜೀಪ್ ಮೇಸ್ತ್ರಿ

ಕಿಲೋ ಲೆಕ್ಕದ ವಿಷ್ಯ ಯಾರೂ ಮಾತಾಡ್ಲಿಲ್ಲ. ಕುಯ್ಲಲ್ಲಿ ದಿನಗೂಲಿ ಎಲ್ಲಿದೆ? ಎಲ್ಲ ಕಿಲೋ ಮೇಲೆ. ಗಟ್ಟಿ ಹುಡುಗ 120 ಕಿಲೋ ಕುಯ್ತಾನೆ, 5 ರೂಪಾಯಿ ಅಂದ್ರೆ 600 ಆಯ್ತು. ವಯಸ್ಸಾದ ಹೆಂಗಸು ಬೆಳಿಗ್ಗೆಯಿಂದ ಸಂಜೆ ತನಕ ಬಗ್ಗಿ 50 ಕಿಲೋ, 250. ಹಣ್ಣು ಕಮ್ಮಿ ಇರೋ ತಾಕು ಕೊಟ್ರೆ ಅದೂ ಇಲ್ಲ. ಇದಕ್ಕೆ ಕನಿಷ್ಠ ಕೂಲಿ ಹೆಂಗೆ ಹಿಡಿಯೋದು?

ಲೈನ್‌ಮನೆ ಮಗಳು

ಅಣ್ಣ ಅದಕ್ಕೂ ಇದೆ. 1948ರ ಕಾಯ್ದೆ 17ನೇ ಸೆಕ್ಷನ್. ತುಂಡು ಕೆಲಸಕ್ಕೆ ಬೇರೆ ರೇಟು ಗೊತ್ತು ಮಾಡದೆ ದಿನದ ರೇಟು ಮಾತ್ರ ಗೊತ್ತು ಮಾಡಿದ್ರೆ, ಕಿಲೋ ಲೆಕ್ಕದಲ್ಲಿ ಕೆಲಸ ಮಾಡಿದೋರಿಗೂ ಆ ದಿನದ ಕನಿಷ್ಠ ಕೂಲಿಗಿಂತ ಕಮ್ಮಿ ಕೊಡೋ ಹಾಗಿಲ್ಲ. ಈಗ ಆ ಕಾಯ್ದೆ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ. ಮುಂಚೆ ಪಟ್ಟಿಲಿ ಇರೋ ಕೆಲಸಗಳಿಗೆ ಮಾತ್ರ ಕನಿಷ್ಠ ಕೂಲಿ ಇತ್ತು, ಹೊಸದರಲ್ಲಿ ಎಲ್ಲ ಕೆಲಸಕ್ಕೂ ಇದೆ. ಗಂಡು ಹೆಣ್ಣು ಅಂತ ಕೂಲಿಲಿ ಭೇದ ಮಾಡ್ಬಾರ್ದು ಅನ್ನೋದಂತೂ 1976ರಿಂದ ಇರೋ ಕಾನೂನು. ಅದೇ 1976ರಲ್ಲೇ ಜೀತ ಪದ್ಧತಿ ರದ್ದಾಗಿದ್ದು, ಜೀತಕ್ಕೆ ಹಿಡಿದಿಟ್ಟ ಸಾಲ ತೀರಿಸ್ಬೇಕಾಗಿಲ್ಲ ಅಂತ ಆಗಿದ್ದು. ನಮ್ಮ ತೋಟದ ಲೈನಲ್ಲಿ ಒಬ್ರಿಗೂ ಇದು ಗೊತ್ತಿರ್ಲಿಲ್ಲ.

ಕಾಗದದಲ್ಲಿ ಎಲ್ಲ ಇದೆ. ಕೇಳೋಕೆ ಜನ ಒಟ್ಟಿಗೆ ನಿಲ್ಬೇಕು ಅಷ್ಟೆ. 2015ರಲ್ಲಿ ಮುನ್ನಾರ್ ಟೀ ತೋಟದ ಹೆಂಗಸರು ನಿಂತ್ರಲ್ಲ, ಯೂನಿಯನ್ ಲೀಡರ್‌ಗಳನ್ನೂ ದೂರ ಇಟ್ಟು ರಸ್ತೆಲಿ ಕೂತ್ರು, ದಿನಕ್ಕೆ 232 ಇದ್ದಿದ್ದು 301 ಆಯ್ತು. ಅವರು ಕೇಳಿದ್ದು 500. ಪೂರ್ತಿ ಸಿಗ್ಲಿಲ್ಲ, ಆದ್ರೆ ತೋಟನೂ ಮುಚ್ಚಿ ಹೋಗ್ಲಿಲ್ಲ.

ಸಂಪಾಜೆ ಘಾಟಿ

ನಡುವೆ ಬಂದದ್ದಕ್ಕೆ ಕ್ಷಮಿಸಿ, ನಮ್ಮದು ಅಡಿಕೆ ತೋಟ, ಒಂದು ಸಣ್ಣ ವಿಷಯ ಹೇಳುವುದುಂಟು. ಕೂಲಿ ಜಾಸ್ತಿ ಆಗಿ ಕೆಲಸ ಹೋಯಿತಾ, ಇಲ್ಲ ಜನ ಸಿಗದೇ ಮಿಷಿನ್ ಬಂದು ಕೆಲಸ ಹೋಯಿತಾ, ಇದು ಎರಡು ಬೇರೆ ಬೇರೆ ಉಂಟು. ನಮ್ಮಲ್ಲಿ ಮರ ಹತ್ತುವವರು ಇಲ್ಲದೇ ದೋಟಿ (ನೆಲದಿಂದಲೇ ಕೊಯ್ಯುವ ಉದ್ದ ಕೋಲು) ತಂದದ್ದು, ಕೂಲಿ ಕಾನೂನಿಗೆ ಹೆದರಿ ಅಲ್ಲ. ಚೆರಿಕಣ ಅವರು ತಂದೆಯ ಹಳೇ ಚೆಕ್‌ರೋಲ್ ಪುಸ್ತಕ (ಆಳುಗಳ ಹಾಜರಿ, ಕೂಲಿ ಬರೆಯುವುದು) ಇದ್ದರೆ ತೆಗೆದು ನೋಡಲಿ, ಮಿಷಿನ್ ಬಂದ ವರ್ಷ ಯಾವುದು, ಯಾಕೆ ಬಂತು ಅಂತ.

ಚೆರಿಕಣ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಂಪಾಜೆಯವರು ಹೇಳಿದ ಹಾಗೆ ಮಾಡಿದೆ. ಅಟ್ಟದ ಮೇಲೆ ಟ್ರಂಕಲ್ಲಿ 2009ರಿಂದ ಈಚೆ ಎಲ್ಲ ಚೆಕ್‌ರೋಲ್ ಇತ್ತು, ಅಜ್ಜನ ಕೈಬರಹ, ಆಮೇಲೆ ಅಪ್ಪನದ್ದು. ಎರಡು ರಾತ್ರಿ ಕೂತು ಕಳೆ ಕೆಲಸದ ಹಾಜ್ರಿ ಮಾತ್ರ ಬೇರೆ ತೆಗೆದೆ. 2012ರಲ್ಲಿ ಕಳೆಗೆ ಬರ್ತಿದ್ದ ಹೆಂಗಸರು ಒಂಬತ್ತು ಜನ. 2014ರ ಸೆಪ್ಟೆಂಬರ್‌ನಲ್ಲಿ ಮೂರು. ಆ ತಿಂಗಳ ಪುಟದ ಅಂಚಲ್ಲಿ ಅಪ್ಪ ಬರೆದಿದಾರೆ, ಆಳಿಲ್ಲ, ಎಲ್ಲ ಶುಂಠಿಗೆ ಅಂತ. ಮುಂದಿನ ತಿಂಗಳು ಮಿಷಿನ್ ತಂದ ಖರ್ಚು ಇದೆ. ಆಮೇಲೆ ಶುಂಠಿ ಕೆಲಸ ಮುಗಿದು ಅವರು ವಾಪಸ್ ಬಂದಾಗ ನಮ್ಮಲ್ಲಿ ಕೆಲಸ ಇರ್ಲಿಲ್ಲ. ಹಳೇ ಇಬ್ಬರು ಮಾತ್ರ ಉಳ್ಕೊಂಡ್ರು.

ಅಪ್ಪನಿಗೆ ತೋರಿಸಿದೆ. ಆ ಪುಟ ಅವರು ಮರೆತಿದ್ರು. ಸುಮಾರು ಹೊತ್ತು ನೋಡಿ, ಆ ವರ್ಷ ಸರ್ಕಾರದ ರೇಟು ಎಷ್ಟಿತ್ತು ಅಂತನೇ ನಂಗೆ ನೆನಪಿಲ್ಲ, ಆಳು ಇರ್ಲಿಲ್ಲ ಅನ್ನೋದು ಮಾತ್ರ ನೆನಪು ಅಂದ್ರು. ಒಂದು ತೋಟದ ಪುಸ್ತಕ ಇದು, ಇಡೀ ಕೊಡಗಿಗೆ ಇದೇ ಅಂತ ನಾನು ಹೇಳಲ್ಲ, ಸುಂಟಿಕೊಪ್ಪದ ಅಂಕಲ್ ಲೆಕ್ಕ ಬೇರೆ ಇರ್ಬಹುದು. ಆದ್ರೆ ನಮ್ಮ ಮನೇಲಿ ಕೆಲಸ ಹೋಗಿದ್ದು ಕಾನೂನಿಂದ ಅಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದೂ ಕಾಣ್ಸಿತು, ಅದನ್ನ ಹುಡುಕ್ತಿರ್ಲಿಲ್ಲ ನಾನು. ಮೆಣಸಿನ ಬಳ್ಳಿ ಕಟ್ಟೋ ಕೆಲಸ, ಒಂದೇ ದಿನ, ಒಂದೇ ತಾಕು, ಗಂಡಸರ ಹೆಸರಿನ ಮುಂದೆ ಒಂದು ಮೊತ್ತ, ಆ ಇಬ್ಬರು ಅಕ್ಕಂದ್ರ ಹೆಸರಿನ ಮುಂದೆ 100 ರೂಪಾಯಿ ಕಮ್ಮಿ. ಪ್ರತಿ ವರ್ಷ ಹಂಗೇ. ಕೂಲಿ ಏರಿದಾಗ್ಲೂ ಆ ವ್ಯತ್ಯಾಸ ಹಂಗೇ ಇದೆ. ಅಪ್ಪನ್ನ ಕೇಳಿದ್ರೆ ಮೊದಲಿಂದ ಹಾಗೇ ನಡ್ಕೊಂಡು ಬಂದಿದೆ ಅಂದ್ರು. ಜಗಳ ಆಯ್ತು. ಅಮ್ಮ ನನ್ನ ಪರ ಮಾತಾಡಿದ್ರು, ಅದು ನಮ್ಮ ಮನೇಲಿ ಅಪರೂಪ.

ಮೊನ್ನೆ ಶನಿವಾರ ಬಟವಾಡೆ. ಬಳ್ಳಿ ಕಟ್ಟಿದ್ದಕ್ಕೆ ಅಪ್ಪ ಇಬ್ಬರಿಗೂ ಗಂಡಸರಷ್ಟೇ ಎಣಿಸಿ ಕೊಟ್ರು. ದೊಡ್ಡಕ್ಕ ದುಡ್ಡು ಎರಡು ಸಲ ಎಣಿಸಿ, ಜಾಸ್ತಿ ಬಂದಿದೆ ಸೌಕಾರ್ರೇ ಅಂತ ನೂರು ರೂಪಾಯಿ ವಾಪಸ್ ಚಾಚಿದ್ರು. ಅಪ್ಪ ಇಟ್ಕೋ ಅಂದ್ರು, ಇನ್ನೇನೂ ಹೇಳ್ಲಿಲ್ಲ, ಒಳಗೆ ಹೋದ್ರು. ಕಿಲೋ ಲೆಕ್ಕದ ವಿಷ್ಯಕ್ಕೆ ಇನ್ನೂ ಒಪ್ಪಿಲ್ಲ, 50 ಕಿಲೋ ಕುಯ್ದೋರಿಗೂ ದಿನದ ಕೂಲಿ ಕೊಡೋಕೆ ಆಗಲ್ಲ ಅಂತಾರೆ. ಕುಯ್ಲಿಗೆ ಇನ್ನೂ ಟೈಮ್ ಇದೆ, ಮಾತಾಡ್ತಾನೇ ಇದೀನಿ. ಚೆಕ್‌ರೋಲ್ ಇನ್ಮೇಲೆ ನಾನೇ ಬರೀತೀನಿ ಅಂತ ಹೇಳಿದೆ, ಅದಕ್ಕೆ ಬೇಡ ಅನ್ಲಿಲ್ಲ.

ಲೈನ್‌ಮನೆ ಮಗಳು

ಆ ನೂರು ರೂಪಾಯಿ ವಾಪಸ್ ಚಾಚಿದ್ದು ಓದಿ ನಮ್ಮಮ್ಮನೇ ಕಣ್ಮುಂದೆ ಬಂದ್ಲು. ಡ್ಯೂಟಿ ಮುಗಿಸಿ ಅವಳಿಗೆ ಫೋನ್ ಮಾಡಿ ಓದಿ ಹೇಳಿದೆ. ಆ ಅಕ್ಕನ ಹೆಸರೇನು, ಯಾವ ಹಾಡಿ ಅಂತ ಕೇಳ್ತಿದಾಳೆ. ಇಲ್ಲಿ ಬರೀಬೇಡಿ, ನಂಗೆ ಮೆಸೇಜ್ ಮಾಡಿ.

ಜೀಪ್ ಮೇಸ್ತ್ರಿ

ತಂಗಿ, ಚೆಕ್‌ರೋಲ್ ನೀನೇ ಬರಿಯೋದಾದ್ರೆ ಜನವರಿಗೆ ಎಷ್ಟು ಜನ ಬೇಕು ಅಂತ ನವೆಂಬರ್ ಒಳಗೆ ಹೇಳಿಬಿಡು. ಅರೇಬಿಕಾ ಕುಯ್ಲು ಮುಗಿಯೋ ಹೊತ್ತಿಗೆ ಎಲ್ರೂ ಒಂದೇ ಸಲ ಫೋನ್ ಮಾಡ್ತಾರೆ. ನಿಮ್ಮ ತೋಟಕ್ಕೆ ಹೆಣ್ಣಾಳು ನಾಲ್ಕು ಜನ ಬರೋಕೆ ರೆಡಿ ಇದಾರೆ, ಬಳ್ಳಿ ಕಟ್ಟೋ ವಿಷ್ಯ ಅವರಿಗೆ ಆಗ್ಲೇ ಗೊತ್ತಾಗಿದೆ.